ಪ್ರೈವೇಟ್ ಕೀ ಹುಟ್ಟಿದ ಯಂತ್ರ ಬಿಟ್ಟು ಹೋಗಬಾರದು: ಎಸ್‌ಎಸ್‌ಎಚ್ ಕೀಗಳನ್ನು ನೋಡಿಕೊಳ್ಳುವ ಬಗೆ

ಟೀಮಿಗೆ ಹೊಸದಾಗಿ ಬಂದವರಿಗೆ "ನಿಮ್ಮ ಪಬ್ಲಿಕ್ ಕೀ ಕಳಿಸಿ, ಸರ್ವರ್‌ಗೆ ಹಾಕ್ತೀನಿ" ಅಂತ ಹೇಳುವುದು ನನ್ನ ಕೆಲಸದ ಭಾಗ. ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ. ಅದರಲ್ಲಿ ಪಾಸ್‌ವರ್ಡ್ ಬದಲು ಪಬ್ಲಿಕ್, ಪ್ರೈವೇಟ್ ಅನ್ನುವ ಜೋಡಿ ಕೀ ಫೈಲುಗಳನ್ನು ಬಳಸಬಹುದು. ಆಗಾಗ ಯಾರಾದರೂ ಎರಡು ಫೈಲನ್ನೂ ಅಟ್ಯಾಚ್ ಮಾಡಿ ಕಳಿಸುತ್ತಾರೆ. ಒಂದರ ಹೆಸರಿನ ಕೊನೆಯಲ್ಲಿ ಡಾಟ್ ಪಬ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಆ ಬಾಲ ಇಲ್ಲದ್ದೇ ಪ್ರೈವೇಟ್ ಕೀ. ಅಂಥ ಮೇಲ್‌ಗೆ ನನ್ನ ಉತ್ತರ ಯಾವಾಗಲೂ ಒಂದೇ: "ಈ ಜೋಡಿ ಮುಗೀತು. ಎರಡನ್ನೂ ಅಳಿಸಿ, ಹೊಸದು ಮಾಡಿ, ಈ ಸಲ ಡಾಟ್ ಪಬ್ ಮಾತ್ರ ಕಳಿಸಿ."

"ನಿಮಗೇ ತಾನೇ ಕಳಿಸಿದ್ದು ಮೇಡಂ, ಬೇರೆ ಯಾರಿಗೂ ಅಲ್ವಲ್ಲ?" ಅನ್ನುತ್ತಾರೆ. ನನ್ನ ಮೇಲೆ ನಂಬಿಕೆ ಇರುವುದು ಸಂತೋಷವೇ. ಆದರೆ ಆ ಫೈಲು ಈಗ ಅವರ ಸೆಂಟ್ ಫೋಲ್ಡರಿನಲ್ಲಿದೆ, ನನ್ನ ಇನ್‌ಬಾಕ್ಸಿನಲ್ಲಿದೆ, ಮೇಲ್ ಸರ್ವರಿನಲ್ಲಿದೆ, ಅದರ ಬ್ಯಾಕಪ್ಪಿನಲ್ಲಿದೆ, ನನ್ನ ಫೋನಿನಲ್ಲೂ ಇದೆ. ಇಷ್ಟು ಕಡೆಯಿಂದ ಅದನ್ನು ಹುಡುಕಿ ಅಳಿಸುವುದಕ್ಕಿಂತ ಹೊಸ ಕೀ ಮಾಡುವುದು ಸುಲಭ. ಒಂದು ನಿಮಿಷದ ಕೆಲಸವೂ ಅಲ್ಲ.

ನಾನು ಪಾಲಿಸುವ ನಿಯಮ ಇಷ್ಟೇ: ಪ್ರೈವೇಟ್ ಕೀ ಯಾವ ಯಂತ್ರದಲ್ಲಿ ಹುಟ್ಟಿತೋ ಅಲ್ಲೇ ಇರಬೇಕು, ಅಲ್ಲೇ ಸಾಯಬೇಕು. ಇನ್ನೊಂದು ಲ್ಯಾಪ್‌ಟಾಪ್ ಬಂತಾ? ಅದಕ್ಕೆ ಅದರದ್ದೇ ಕೀ. ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿಕೊಂಡು ಹೋಗುವುದು, ಕ್ಲೌಡ್ ಫೋಲ್ಡರಿಗೆ ಹಾಕಿಡುವುದು, ಚಾಟ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳುವುದು, ಯಾವುದೂ ಬೇಡ. ಮುಂದೆ ಹೇಳುವ ಬಹುಪಾಲು ವಿಷಯ ಈ ನಿಯಮವನ್ನು ದಿನಾ ಪಾಲಿಸಲು ಬೇಕಾದ ಅಭ್ಯಾಸಗಳು.

ಒಂದು ಮಾತು ಮೊದಲೇ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಟೈಪ್ ಮಾಡುವ ಹಾಗೆ. ಟರ್ಮಿನಲ್‌ನಲ್ಲಿ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. "ಮೈನಸ್ ಟಿ" ಅಂದರೆ ಅಡ್ಡಗೆರೆ, ಅದರ ಪಕ್ಕ ಸ್ಪೇಸ್ ಬಿಡದೆ ಟಿ. ಕ್ಯಾಪಿಟಲ್ ಅಂತ ಹೇಳಿದ ಕಡೆ ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಚಿಕ್ಕಕ್ಷರ. ದೊಡ್ಡದು ಚಿಕ್ಕದು ಅದಲುಬದಲಾದರೆ ಅರ್ಥವೇ ಬೇರೆಯಾಗುತ್ತದೆ, ಹುಷಾರು.

ಒಳಗೆ ಏನು ನಡೆಯುತ್ತದೆ

ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದುತ್ತಿದ್ದರು. ಆಗಿನ ಟೆಲ್‌ನೆಟ್‌ನಂಥ ಸಾಧನಗಳು ಪಾಸ್‌ವರ್ಡನ್ನು ಹಾಗೇ ಬಿಚ್ಚಿಟ್ಟು ಕಳಿಸುತ್ತಿದ್ದವು. ಅಲ್ಲೇ ಇದ್ದ ತಾತು ಇಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಇವತ್ತು ನಾವು ಹೆಚ್ಚಾಗಿ ಬಳಸುವುದು 1999ರ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ 2.6ನೇ ಆವೃತ್ತಿಯ ಜೊತೆ ಹೊರಬಂದ ಓಪನ್‌ಎಸ್‌ಎಸ್‌ಎಚ್.

ಕೀ ಬಳಸಿ ಲಾಗಿನ್ ಆಗುವಾಗ ಪ್ರೈವೇಟ್ ಕೀ ಸರ್ವರ್‌ಗೆ ಹೋಗುವುದೇ ಇಲ್ಲ. ಆ ಸೆಷನ್‌ಗೆ ಮಾತ್ರ ಸೇರಿದ ಒಂದಿಷ್ಟು ಮಾಹಿತಿಗೆ ನಿಮ್ಮ ಯಂತ್ರ ಪ್ರೈವೇಟ್ ಕೀಯಿಂದ ಸಹಿ ಹಾಕುತ್ತದೆ. ಸರ್ವರ್ ತನ್ನ ಬಳಿ ಇರುವ ಪಬ್ಲಿಕ್ ಕೀಯಿಂದ ಆ ಸಹಿ ಸರಿಯೇ ಅಂತ ನೋಡುತ್ತದೆ. ಅಷ್ಟೇ. ಹಾಗಾಗಿ ಸರ್ವರನ್ನು ಯಾರಾದರೂ ಪೂರ್ತಿ ವಶ ಮಾಡಿಕೊಂಡರೂ ಅಲ್ಲಿ ಸಿಗುವುದು ಪಬ್ಲಿಕ್ ಕೀ ಮಾತ್ರ. ಇಷ್ಟು ಚೆನ್ನಾದ ವ್ಯವಸ್ಥೆ ಇಟ್ಟುಕೊಂಡು ಪ್ರೈವೇಟ್ ಕೀಯನ್ನು ನಾವೇ ಮೇಲ್ ಮಾಡಿದರೆ ಏನು ಹೇಳೋಣ?

ಕೀ ಮಾಡುವುದು

ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ:

ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಟಿ ಇಡಿ25519 ಮೈನಸ್ ಕ್ಯಾಪಿಟಲ್ ಸಿ "ಆಫೀಸ್-ಲ್ಯಾಪ್‌ಟಾಪ್-2025-06"

ಫೈಲ್ ಎಲ್ಲಿಡಬೇಕು ಅಂತ ಕೇಳುತ್ತದೆ. ನಿಮ್ಮ ಹೋಮ್ ಫೋಲ್ಡರಿನೊಳಗಿನ ಡಾಟ್ ಎಸ್‌ಎಸ್‌ಎಚ್ ಅನ್ನುವ ಅಡಗಿದ ಫೋಲ್ಡರೇ ಅದರ ಜಾಗ. ಎಂಟರ್ ಒತ್ತಿದರೆ ಸಾಕು. ಆದರೆ ಅಲ್ಲಿ ಅದೇ ಹೆಸರಿನ ಕೀ ಮೊದಲೇ ಇದ್ದರೆ "ಓವರ್‌ರೈಟ್ ಮಾಡಲಾ?" ಅಂತ ಕೇಳುತ್ತದೆ. ಆಗ ಸುಮ್ನೆ ವೈ ಒತ್ತಬೇಡಿ. ಹಳೆಯ ಕೀ ಅಲ್ಲೇ ಮಾಯವಾಗುತ್ತದೆ, ವಾಪಸ್ ತರಲು ದಾರಿ ಇಲ್ಲ. ಎನ್ ಒತ್ತಿ ಹೊರಬಂದು, ಮೈನಸ್ ಎಫ್ ಹಾಕಿ ಬೇರೆ ಹೆಸರು ಕೊಡಿ.

ಇಡಿ25519 ಅನ್ನುವ ಬಗೆಯ ಕೀ ಯಾಕೆ? ಚಿಕ್ಕದು, ವೇಗದ್ದು, ಗೊಂದಲ ಕಡಿಮೆ. ಅದರ ಪಬ್ಲಿಕ್ ಕೀ ಒಂದು ಸಾಲಿನಲ್ಲಿ ಮುಗಿಯುತ್ತದೆ. 2014ರ ಆವೃತ್ತಿ 6.5ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದೆ. 2023ರ 9.5ರಿಂದ, ನೀವು ಮೈನಸ್ ಟಿ ಹಾಕದಿದ್ದರೂ ಹುಟ್ಟುವುದು ಇದೇ. ಇದು ಅರ್ಥವಾಗದ ಹಳೇ ಉಪಕರಣ ಎದುರಾದರೆ ಮಾತ್ರ ಆರ್‌ಎಸ್‌ಎ ಮಾಡಿ: ಮೈನಸ್ ಟಿ ಆರ್‌ಎಸ್‌ಎ, ಮೈನಸ್ ಬಿ 4096. ಡಿಎಸ್‌ಎ ಅನ್ನುವ ಇನ್ನೊಂದು ಬಗೆ 2015ರಲ್ಲೇ ಬದಿಗೆ ಸರಿಯಿತು, 2025ರ 10.0 ಆವೃತ್ತಿಯಲ್ಲಿ ಪೂರ್ತಿ ಕಿತ್ತು ಹಾಕಿದರು. ಅಂಥ ಕೀ ನಿಮ್ಮ ಬಳಿ ಇನ್ನೂ ಇದ್ದರೆ ಮಾತೇ ಬೇಡ, ಹೊಸದು ಮಾಡಿ.

ಕೀ ಯಾವ ಸಾಫ್ಟ್‌ವೇರಿನಿಂದ ಹುಟ್ಟಿತು, ಯಾವುದರಲ್ಲಿ ಬಳಕೆಯಾಯಿತು ಎನ್ನುವುದೂ ಮುಖ್ಯ. 2006ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಬಗೆಯ ತಂಡ, ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಒಂದೆರಡು ಸಾಲು ತೆಗೆದು ಹಾಕಿತು. ಆ ಸಾಲುಗಳ ಬಗ್ಗೆ ಒಂದು ಪರೀಕ್ಷಾ ಸಾಧನ ಎಚ್ಚರಿಕೆ ಕೊಡುತ್ತಿತ್ತು, ಅದನ್ನು ನಿಲ್ಲಿಸಲು ಹೊರಟಿದ್ದರು. ಕೀ ಮಾಡಲು ಬೇಕಾದ ಯಾದೃಚ್ಛಿಕತೆ, ಅಂದರೆ ಊಹಿಸಲಾಗದ ಗುಣ, ಅದರಿಂದ ಹೆಚ್ಚುಕಡಿಮೆ ಸತ್ತೇ ಹೋಯಿತು. ಉಳಿದದ್ದು ಪ್ರೋಸೆಸ್ ನಂಬರ್ ಮಾತ್ರ. ಅಂದರೆ ಒಂದು ಬಗೆಯ, ಒಂದು ಅಳತೆಯ ಕೀಗೆ ಒಟ್ಟು ಸಾಧ್ಯತೆ 32,767 ಮಾತ್ರ! ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದು. ಇದು ಹೊರಗೆ ಬಂದದ್ದು 2008ರ ಮೇ ತಿಂಗಳಲ್ಲಿ. ಅಪ್‌ಡೇಟ್ ಹಾಕಿದರೆ ಹಳೇ ಕೀ ಸರಿಹೋಗುವುದಿಲ್ಲ. ಆ ಅವಧಿಯಲ್ಲಿ ಅಲ್ಲಿ ಹುಟ್ಟಿದ ಪ್ರತಿ ಕೀಯನ್ನೂ ಹುಡುಕಿ ತೆಗೆಯಬೇಕಾಯಿತು.

ಇನ್ನೊಂದು ಇತ್ತೀಚಿನದು. ವಿಂಡೋಸ್‌ನಲ್ಲಿ ತುಂಬಾ ಜನ ಬಳಸುವ ಪುಟ್ಟಿ ಅನ್ನುವ ಎಸ್‌ಎಸ್‌ಎಚ್ ಪ್ರೋಗ್ರಾಮಿನಲ್ಲಿ, 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ, ಪಿ-521 ಬಗೆಯ ಕೀಯಿಂದ ಹಾಕುವ ಸಹಿಯಲ್ಲಿ ಒಂದು ದೋಷ ಇತ್ತು. ಸುಮಾರು 60 ಸಹಿ ಕೈಗೆ ಸಿಕ್ಕರೆ ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 2024ರ ಏಪ್ರಿಲ್‌ನಲ್ಲಿ 0.81 ಬಂದು ಅದು ಸರಿಹೋಯಿತು. ಆದರೆ ಹಳೇ ಪುಟ್ಟಿಯಲ್ಲಿ ಬಳಸಿದ ಆ ಬಗೆಯ ಕೀಗಳು ಕೆಟ್ಟವೇ. ಕೀ ಎಷ್ಟು ಗಟ್ಟಿ ಇದ್ದರೂ ಅದನ್ನು ಬದಲಾಯಿಸುವ ದಿನ ಬರಬಹುದು ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ.

ಮೈನಸ್ ಕ್ಯಾಪಿಟಲ್ ಸಿ ಹಾಕಿ ಕೊಟ್ಟದ್ದು ಕಾಮೆಂಟ್, ಅಂದರೆ ಕೀಗೆ ಅಂಟಿಸಿದ ಚೀಟಿ. ಭದ್ರತೆಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ನಾನು ಅದರ ಬಗ್ಗೆ ಹಠ ಹಿಡಿಯುತ್ತೇನೆ. ಯಾವ ಯಂತ್ರ, ಯಾವ ವರ್ಷ, ಯಾವ ತಿಂಗಳು, ಇಷ್ಟು ಇರಲೇಬೇಕು. ಯಾಕೆ ಅಂತ ಹಳೇ ಕೀ ಗುಡಿಸುವ ಭಾಗದಲ್ಲಿ ಗೊತ್ತಾಗುತ್ತದೆ.

ಪಾಸ್‌ಫ್ರೇಸ್

ಕೀ ಮಾಡುವಾಗ ಪಾಸ್‌ಫ್ರೇಸ್ ಕೇಳುತ್ತದೆ. ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗುವವರೇ ಜಾಸ್ತಿ. ಹಾಗೆ ಮಾಡಿದರೆ ಆ ಫೈಲು ಸಿಕ್ಕಿದವರಿಗೆ ಸರ್ವರ್ ಸಿಕ್ಕ ಹಾಗೆ.

ಪಾಸ್‌ಫ್ರೇಸ್ ಸರ್ವರ್‌ಗೆ ಹೋಗುವ ಪಾಸ್‌ವರ್ಡ್ ಅಲ್ಲ. ಅದು ನಿಮ್ಮ ಡಿಸ್ಕ್ ಮೇಲಿರುವ ಪ್ರೈವೇಟ್ ಕೀ ಫೈಲಿಗೆ ಹಾಕುವ ಬೀಗ. ಲ್ಯಾಪ್‌ಟಾಪ್ ಕಳುವಾದರೂ ಬೀಗ ಒಡೆಯಲು ಕಳ್ಳನಿಗೆ ಸಮಯ ಬೇಕು, ಅಷ್ಟರಲ್ಲಿ ನೀವು ಸರ್ವರ್‌ಗಳಿಂದ ಕೀ ತೆಗೆದಿರುತ್ತೀರಿ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸಾಲಾಗಿ ಸಾಕು. ಚಿಹ್ನೆಗಳನ್ನು ತುರುಕಿದ ಎಂಟು ಅಕ್ಷರಕ್ಕಿಂತ ಅದು ಗಟ್ಟಿ, ಟೈಪ್ ಮಾಡಲೂ ಸುಲಭ. ಇನ್ನೂ ಬಿಗಿ ಬೇಕಿದ್ದರೆ ಕೀ ಮಾಡುವಾಗ ಮೈನಸ್ ಎ 100 ಸೇರಿಸಿ. ಪ್ರತಿ ಊಹೆಗೂ ಕಂಪ್ಯೂಟರ್ ಜಾಸ್ತಿ ಹೊತ್ತು ದುಡಿಯುವಂತೆ ಅದು ಮಾಡುತ್ತದೆ. ನಿಮಗೆ ತಡವಾಗುವುದು ಒಂದೆರಡು ಸೆಕೆಂಡ್. ಲಕ್ಷಗಟ್ಟಲೆ ಊಹೆ ಮಾಡಬೇಕಾದವನಿಗೆ ಅದು ದೊಡ್ಡ ತಲೆನೋವು.

ಈಗಾಗಲೇ ಪಾಸ್‌ಫ್ರೇಸ್ ಇಲ್ಲದ ಕೀ ಇದೆಯಾ? ಹೊಸದು ಮಾಡಬೇಕಿಲ್ಲ. ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಪಿ ಮೈನಸ್ ಎಫ್, ಮುಂದೆ ಫೈಲ್ ಹೆಸರು. ಪಿ ಚಿಕ್ಕಕ್ಷರ. ಪಬ್ಲಿಕ್ ಕೀ ಬದಲಾಗುವುದಿಲ್ಲ, ಸರ್ವರ್ ಕಡೆ ಏನೂ ಮುಟ್ಟಬೇಕಿಲ್ಲ. ಇರುವ ಕೀಗೆ ಪಾಸ್‌ಫ್ರೇಸ್ ಇದೆಯೋ ಇಲ್ಲವೋ ಮರೆತಿದ್ದರೆ, ಮೈನಸ್ ಪಿ ಜಾಗದಲ್ಲಿ ಮೈನಸ್ ವೈ ಹಾಕಿ. ಕೇಳದೆ ಪಬ್ಲಿಕ್ ಕೀಯನ್ನು ಪರದೆಗೆ ಸುರಿದರೆ ಪಾಸ್‌ಫ್ರೇಸ್ ಇಲ್ಲ ಅಂತ ಅರ್ಥ. ಡಾಟ್ ಪಬ್ ಫೈಲ್ ಕಳೆದುಕೊಂಡವರಿಗೂ ಇದೇ ಮದ್ದು. ಪ್ರೈವೇಟ್‌ನಿಂದ ಪಬ್ಲಿಕ್ ಯಾವಾಗ ಬೇಕಾದರೂ ಬರುತ್ತದೆ, ಪಬ್ಲಿಕ್‌ನಿಂದ ಪ್ರೈವೇಟ್ ಬರುವುದಿಲ್ಲ.

ಒಂದು ಸೂಕ್ಷ್ಮ ಇದೆ. ಪಾಸ್‌ಫ್ರೇಸ್ ಬದಲಾಯಿಸಿದರೆ ಬದಲಾಗುವುದು ನಿಮ್ಮ ಕೈಯಲ್ಲಿರುವ ಫೈಲು ಮಾತ್ರ. ಹಳೇ ಬ್ಯಾಕಪ್ಪಿನಲ್ಲಿ ಕೂತಿರುವ ಕಾಪಿ ಹಳೇ ಪಾಸ್‌ಫ್ರೇಸಿಗೇ ತೆರೆಯುತ್ತದೆ. ಪಾಸ್‌ಫ್ರೇಸ್ ಇಲ್ಲದ ದಿನಗಳಲ್ಲಿ ಕಾಪಿ ಆಗಿದ್ದರೆ ಅದು ಇವತ್ತಿಗೂ ಬೀಗ ಇಲ್ಲದ ಕಾಪಿಯೇ. ಹಾಗಾಗಿ ಕೀ ಯಾರ ಕೈಗಾದರೂ ಸಿಕ್ಕಿತು ಅನ್ನುವ ಅನುಮಾನ ಬಂದಾಗ ಪಾಸ್‌ಫ್ರೇಸ್ ಬದಲಾಯಿಸಿ ಸಮಾಧಾನ ಮಾಡಿಕೊಳ್ಳಬೇಡಿ. ಕೀಯನ್ನೇ ಬದಲಾಯಿಸಿ.

ಪರ್ಮಿಶನ್

ಪರದೆ ತುಂಬಾ ಅಟ್ ಚಿಹ್ನೆಗಳ ಸಾಲು, ನಡುವೆ ಎಚ್ಚರಿಕೆ, ಕೆಳಗೆ "0644 ಪರ್ಮಿಶನ್ ತೀರಾ ತೆರೆದಿದೆ, ಈ ಪ್ರೈವೇಟ್ ಕೀಯನ್ನು ಬಳಸುವುದಿಲ್ಲ" ಅನ್ನುವ ಅರ್ಥದ ಸಾಲು. ನೋಡಿದ್ದೀರಾ? ಹೊಸಬರು ಇದಕ್ಕೆ ಬೆದರುತ್ತಾರೆ. ಇನ್ನು ಕೆಲವರು ಸುಡೊ, ಅಂದರೆ ಅಡ್ಮಿನ್ ಅಧಿಕಾರ, ಹಾಕಿ ಓಡಿಸಲು ನೋಡುತ್ತಾರೆ. ಎರಡೂ ಬೇಡ. 644 ಅಂದರೆ ಆ ಯಂತ್ರದ ಬೇರೆ ಬಳಕೆದಾರರೂ ಆ ಫೈಲನ್ನು ಓದಬಹುದು ಅಂತ. ಎಸ್‌ಎಸ್‌ಎಚ್ ಅದನ್ನು ಒಪ್ಪುವುದಿಲ್ಲ. ಸಿಎಚ್‌ಮಾಡ್ 600 ಅಂತ ಬರೆದು ಪ್ರೈವೇಟ್ ಕೀ ಫೈಲಿನ ಹೆಸರು ಕೊಡಿ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700. ವಿಂಡೋಸ್‌ನಲ್ಲಿ ಸಿಎಚ್‌ಮಾಡ್ ಇಲ್ಲ, ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಸೆಕ್ಯೂರಿಟಿಯಲ್ಲಿ ಇನ್‌ಹೆರಿಟೆನ್ಸ್ ನಿಲ್ಲಿಸಿ, ನಿಮ್ಮ ಖಾತೆಯೊಂದನ್ನೇ ಉಳಿಸಿ.

ನಿಮ್ಮ ಕಡೆ ತಪ್ಪಿದ್ದರೆ ಹೀಗೆ ಕಿರುಚಿ ಹೇಳುತ್ತದೆ. ಸರ್ವರ್ ಕಡೆ ತಪ್ಪಿದ್ದರೆ ತುಟಿ ಬಿಚ್ಚುವುದಿಲ್ಲ, ತಲೆ ಕೆಡುವುದು ಅಲ್ಲೇ. ಅಲ್ಲಿಯ ನಿಮ್ಮ ಹೋಮ್ ಫೋಲ್ಡರಿಗೆ ಬೇರೆಯವರೂ ಬರೆಯಬಹುದು ಅಂತಿದ್ದರೆ ಸರ್ವರ್ ನಿಮ್ಮ ಕೀಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಪಾಸ್‌ವರ್ಡ್ ಕೇಳುತ್ತದೆ. ಕೀ ಸರಿ ಇದೆ, ಸೇರಿಸಿಯೂ ಆಗಿದೆ, ಆದರೂ ಪಾಸ್‌ವರ್ಡ್ ಕೇಳುತ್ತಿದೆ ಅಂದರೆ ನಾನು ಮೊದಲು ನೋಡುವುದು ಸರ್ವರಿನ ಹೋಮ್, ಡಾಟ್ ಎಸ್‌ಎಸ್‌ಎಚ್, ಆಥರೈಸ್ಡ್ ಕೀಸ್ (ಒಳಗೆ ಬಿಡಬೇಕಾದ ಪಬ್ಲಿಕ್ ಕೀಗಳ ಪಟ್ಟಿ ಇರುವ ಫೈಲ್), ಈ ಮೂರರ ಪರ್ಮಿಶನ್. ಆಮೇಲೆ ನಮ್ಮ ಕಡೆಯಿಂದ ಎಸ್‌ಎಸ್‌ಎಚ್ ಮೈನಸ್ ವಿ ಹಾಕಿ ಲಾಗಿನ್ ಪ್ರಯತ್ನಿಸುತ್ತೇನೆ. ಯಾವ ಯಾವ ಕೀಯನ್ನು ಸರ್ವರ್ ಮುಂದೆ ಹಿಡಿಯಿತು ಅಂತ ಸಾಲು ಸಾಲಾಗಿ ತೋರಿಸುತ್ತದೆ.

ಸರ್ವರ್‌ಗೆ ತಲುಪಿಸುವುದು, ಮತ್ತು ಮೊದಲ ಭೇಟಿ

ಪಬ್ಲಿಕ್ ಕೀ ಸೇರಿಸಲು ಎಸ್‌ಎಸ್‌ಎಚ್-ಕಾಪಿ-ಐಡಿ ಅನ್ನುವ ಕಮಾಂಡ್ ಇದೆ. ಮೈನಸ್ ಐ ಹಾಕಿ ಡಾಟ್ ಪಬ್ ಫೈಲ್ ಕೊಡಿ, ಮುಂದೆ ಬಳಕೆದಾರ ಅಟ್ ಸರ್ವರ್. ಅದು ಸರ್ವರಿನ ಆಥರೈಸ್ಡ್ ಕೀಸ್ ಫೈಲಿನ ಕೊನೆಗೆ ಒಂದು ಸಾಲು ಸೇರಿಸುತ್ತದೆ, ಪರ್ಮಿಶನ್ನನ್ನೂ ನೋಡಿಕೊಳ್ಳುತ್ತದೆ. ಕೈಯಾರೆ ಅಂಟಿಸುವುದಾದರೆ ಇಡೀ ಕೀ ಒಂದೇ ಸಾಲಿನಲ್ಲಿರಲಿ. ಚಾಟ್ ಕಿಟಕಿಯಿಂದ ಕಾಪಿ ಮಾಡಿದಾಗ ನಡುವೆ ಸಾಲು ಮುರಿದು ಕೀ ಕೆಡುವುದುಂಟು.

ಮೊದಲ ಸಲ ಸೇರುವಾಗ ಸರ್ವರ್ ತನ್ನ ಗುರುತು, ಅಂದರೆ ಫಿಂಗರ್‌ಪ್ರಿಂಟ್ ತೋರಿಸಿ "ಸರಿನಾ?" ಅಂತ ಕೇಳುತ್ತದೆ. ಕಣ್ಣು ಮುಚ್ಚಿ ಯೆಸ್ ಹಾಕುವವರೇ ಎಲ್ಲರೂ. ಸರ್ವರ್ ನಡೆಸುವವರಿಂದ ಬೇರೆ ದಾರಿಯಲ್ಲಿ ಆ ಫಿಂಗರ್‌ಪ್ರಿಂಟ್ ತರಿಸಿ ಹೋಲಿಸುವುದು ಸರಿಯಾದ ಕ್ರಮ. ತರಿಸಿಕೊಂಡ ಫಿಂಗರ್‌ಪ್ರಿಂಟನ್ನು ಯೆಸ್ ಬದಲು ಅಲ್ಲೇ ಅಂಟಿಸಿದರೆ ಕಂಪ್ಯೂಟರೇ ಹೋಲಿಸಿ ನೋಡುತ್ತದೆ. 8.0 ಆವೃತ್ತಿಯಿಂದ ಈ ಸೌಲಭ್ಯ ಇದೆ, ಗೊತ್ತಿರುವವರು ಕಡಿಮೆ.

ಮುಂದೊಂದು ದಿನ "ಸರ್ವರಿನ ಗುರುತು ಬದಲಾಗಿದೆ" ಅಂತ ದೊಡ್ಡ ಎಚ್ಚರಿಕೆ ಬರಬಹುದು. 2023ರ ಮಾರ್ಚ್‌ನಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ ಬಳಸುವ ಎಷ್ಟೋ ಜನರಿಗೆ ಬಂತು. ಗಿಟ್‌ಹಬ್‌ನ ಆರ್‌ಎಸ್‌ಎ ಹೋಸ್ಟ್ ಕೀಯ (ಸರ್ವರ್ ತನ್ನ ಗುರುತು ತೋರಿಸುವ ಕೀ) ಪ್ರೈವೇಟ್ ಭಾಗ ಸ್ವಲ್ಪ ಹೊತ್ತು ಎಲ್ಲರಿಗೂ ಕಾಣುವ ರೆಪೊಸಿಟರಿಯೊಂದರಲ್ಲಿ, ಅಂದರೆ ಕೋಡ್ ಸಂಗ್ರಹದಲ್ಲಿ, ಇತ್ತು. ಅದು ಗೊತ್ತಾದ ಮೇಲೆ ಅವರು ಆ ಕೀಯನ್ನೇ ಬದಲಾಯಿಸಿ, ಹೊಸ ಫಿಂಗರ್‌ಪ್ರಿಂಟ್ ಪ್ರಕಟಿಸಿದರು. ಅಷ್ಟು ದೊಡ್ಡ ಸಂಸ್ಥೆಯೂ ಅಳಿಸಿ ಸುಮ್ಮನಾಗಲಿಲ್ಲ ನೋಡಿ. ರೆಪೊಸಿಟರಿಗೆ ನಿಮ್ಮ ಕೀ ಕಮಿಟ್ ಆದರೂ ಇದೇ ದಾರಿ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಇತಿಹಾಸದಲ್ಲಿ ಅದು ಕೂತಿರುತ್ತದೆ. ಎಚ್ಚರಿಕೆ ಬಂದಾಗ ಬದಲಾವಣೆ ನಿಜವೇ ಅಂತ ಖಚಿತ ಮಾಡಿಕೊಂಡು, ಆಮೇಲೆ ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಕ್ಯಾಪಿಟಲ್ ಆರ್ ಜೊತೆ ಸರ್ವರ್ ಹೆಸರು ಕೊಟ್ಟು ಹಳೇ ಗುರುತನ್ನು ತೆಗೆಯಿರಿ. ಈ ಕ್ರಮ ತಿರುಗಿಸಬೇಡಿ.

ಕಾನ್ಫಿಗ್ ಫೈಲ್

ಎರಡಕ್ಕಿಂತ ಜಾಸ್ತಿ ಕೀ ಇದ್ದರೆ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ಕಾನ್ಫಿಗ್ ಅನ್ನುವ ಫೈಲ್ ಬರೆಯಿರಿ. ಒಂದೊಂದು ಸರ್ವರ್‌ಗೂ ಹೋಸ್ಟ್ ಅಂತ ಶುರುವಾಗುವ ಒಂದು ತುಂಡು. ಒಳಗೆ ಹೋಸ್ಟ್‌ನೇಮ್, ಯೂಸರ್, ಪೋರ್ಟ್, ಐಡೆಂಟಿಟಿಫೈಲ್. ಆಮೇಲೆ ಉದ್ದದ ವಿಳಾಸ ಬೇಡ, ನೀವಿಟ್ಟ ಅಡ್ಡಹೆಸರು ಸಾಕು.

ಅಲ್ಲಿ ಐಡೆಂಟಿಟೀಸ್‌ಓನ್ಲಿ ಯೆಸ್ ಅನ್ನುವ ಸಾಲನ್ನು ಮರೆಯಬೇಡಿ. ಅದಿಲ್ಲದಿದ್ದರೆ ಏಜೆಂಟ್‌ನಲ್ಲಿರುವ (ತೆರೆದ ಕೀಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ, ಮುಂದೆ ಹೇಳುತ್ತೇನೆ) ಎಲ್ಲ ಕೀಗಳನ್ನೂ ಒಂದಾದ ಮೇಲೊಂದು ಸರ್ವರ್ ಮುಂದೆ ಹಿಡಿಯುತ್ತದೆ. ಪ್ರತಿಯೊಂದೂ ಒಂದು ಸೋತ ಪ್ರಯತ್ನ ಅಂತ ಸರ್ವರ್ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಮಿತಿ 6. ಸರಿಯಾದ ಕೀ ಏಳನೆಯದಾಗಿದ್ದರೆ ಅದರ ಸರದಿ ಬರುವ ಮೊದಲೇ ಬಾಗಿಲು ಹಾಕಿರುತ್ತದೆ. "ಕೀ ಇದ್ದರೂ ಒಳಗೆ ಬಿಡ್ತಿಲ್ಲ, ಪ್ರಯತ್ನ ಜಾಸ್ತಿ ಆಯ್ತು ಅಂತಿದೆ" ಅನ್ನುವ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ.

ಏಜೆಂಟ್

ಪಾಸ್‌ಫ್ರೇಸ್ ಇಟ್ಟರೆ ಪ್ರತಿ ಸಲ ಟೈಪ್ ಮಾಡಬೇಕಲ್ಲ ಅನ್ನುವ ಬೇಸರಕ್ಕೆ ಎಸ್‌ಎಸ್‌ಎಚ್-ಏಜೆಂಟ್ ಇರುವುದು. ಒಮ್ಮೆ ತೆರೆದ ಕೀಯನ್ನು ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಡಿಸ್ಕ್ ಮೇಲೆ ಬೀಗ ಹಾಗೇ ಇರುತ್ತದೆ. ಕೀ ಸೇರಿಸಲು ಎಸ್‌ಎಸ್‌ಎಚ್-ಆ್ಯಡ್. ನಾನು ಮೈನಸ್ ಟಿ ಹಾಕಿ 8 ಗಂಟೆ ಅಂತ ಕೊಡುತ್ತೇನೆ: ಸಂಖ್ಯೆ 8, ಪಕ್ಕದಲ್ಲೇ ಎಚ್. ಕೆಲಸದ ದಿನ ಮುಗಿಯುವ ಹೊತ್ತಿಗೆ ಏಜೆಂಟ್ ತಾನೇ ಮರೆಯುತ್ತದೆ. ಏನೇನಿದೆ ನೋಡಲು ಮೈನಸ್ ಎಲ್. ಎಲ್ಲ ಖಾಲಿ ಮಾಡಲು ಮೈನಸ್ ಕ್ಯಾಪಿಟಲ್ ಡಿ.

ಇಲ್ಲಿ ಒಂದು ಆಪ್ಶನ್ ಬಗ್ಗೆ ನನಗೆ ಕೋಪವೇ ಇದೆ. ಎಸ್‌ಎಸ್‌ಎಚ್ ಮೈನಸ್ ಕ್ಯಾಪಿಟಲ್ ಎ, ಅಂದರೆ ಏಜೆಂಟ್ ಫಾರ್ವರ್ಡಿಂಗ್. ಒಂದು ಸರ್ವರ್‌ಗೆ ಹೋಗಿ ಅಲ್ಲಿಂದ ಇನ್ನೊಂದಕ್ಕೆ ಹೋಗಲು ಜನ ಇದನ್ನು ಹಾಕುತ್ತಾರೆ. ಪ್ರೈವೇಟ್ ಕೀ ಅಲ್ಲಿಗೆ ಹೋಗುವುದಿಲ್ಲ, ನಿಜ. ಆದರೆ ಆ ನಡುವಿನ ಸರ್ವರಿನಲ್ಲಿ ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಯಾರೇ ಆದರೂ, ನೀವು ಅಲ್ಲಿರುವಷ್ಟು ಹೊತ್ತು, ನಿಮ್ಮ ಏಜೆಂಟ್‌ನಿಂದ ತಮಗೆ ಬೇಕಾದ ಸಹಿ ಹಾಕಿಸಿಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ಬೇರೆ ಸರ್ವರ್‌ಗಳಿಗೆ ಹೋಗಬಹುದು.

ಅದರ ಬದಲು ಮೈನಸ್ ಕ್ಯಾಪಿಟಲ್ ಜೆ ಬಳಸಿ. 2016ರ 7.3 ಆವೃತ್ತಿಯಿಂದ ಇದೆ. ನಡುವಿನ ಸರ್ವರ್ ಹೆಸರು ಮೊದಲು, ತಲುಪಬೇಕಾದ್ದು ಆಮೇಲೆ. ಕಾನ್ಫಿಗ್‌ನಲ್ಲಿ ಪ್ರಾಕ್ಸಿಜಂಪ್ ಅಂತ ಒಂದು ಸಾಲು ಬರೆದರೂ ಆಯ್ತು. ಇದರಲ್ಲಿ ನಡುವಿನ ಸರ್ವರ್ ಬರೀ ದಾರಿ. ಸಹಿ ಹಾಕುವ ಕೆಲಸವೆಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ನಡುವಿನ ಸರ್ವರಿನಲ್ಲಿ ಪ್ರೈವೇಟ್ ಕೀ ಇಡುವ ಅಗತ್ಯವೂ ಹೋಯಿತು.

ಮನುಷ್ಯರಿಲ್ಲದ ಕೀಗಳು

ರಾತ್ರಿ ತಾನಾಗೇ ಓಡುವ ಬ್ಯಾಕಪ್ ಸ್ಕ್ರಿಪ್ಟ್‌ಗೆ ಪಾಸ್‌ಫ್ರೇಸ್ ಟೈಪ್ ಮಾಡುವವರು ಯಾರು? ಅಲ್ಲಿ ಪಾಸ್‌ಫ್ರೇಸ್ ಇಲ್ಲದ ಕೀ ಇಡಬೇಕಾಗುತ್ತದೆ. ಪರವಾಗಿಲ್ಲ, ಆದರೆ ಅದರ ಕೈ ಕಟ್ಟಿ ಹಾಕಿ. ಸರ್ವರಿನ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಸಾಲಿನ ಮುಂದೆಯೇ ಷರತ್ತು ಬರೆಯಬಹುದು. ರೆಸ್ಟ್ರಿಕ್ಟ್ ಅಂತ ಬರೆದರೆ ಟರ್ಮಿನಲ್, ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್ ಎಲ್ಲ ಬಂದ್. ಫ್ರಮ್ ಈಕ್ವಲ್ಸ್ ಅಂತ ಬರೆದು ವಿಳಾಸ ಕೊಟ್ಟರೆ ಆ ವಿಳಾಸದಿಂದ ಮಾತ್ರ ಪ್ರವೇಶ. ಕಮಾಂಡ್ ಈಕ್ವಲ್ಸ್ ಅಂತ ಬರೆದರೆ ಆ ಒಂದು ಕಮಾಂಡ್ ಬಿಟ್ಟು ಬೇರೇನೂ ಓಡುವುದಿಲ್ಲ, ಆ ಕಡೆಯಿಂದ ಏನೇ ಕೇಳಿದರೂ ಸರಿ. ಸ್ವಲ್ಪ ದಿನಕ್ಕೆ ಮಾತ್ರ ಬೇಕಾದ ಕೀಗೆ ಎಕ್ಸ್‌ಪೈರಿ-ಟೈಮ್ ಇದೆ, ದಿನಾಂಕ ಕೊಟ್ಟರೆ ಅದಾದ ಮೇಲೆ ಕೀ ಕೆಲಸ ಮಾಡುವುದಿಲ್ಲ.

ನಿಮ್ಮ ಸ್ವಂತ ಕೀಯನ್ನು ಸ್ಕ್ರಿಪ್ಟ್‌ಗೆ ಕೊಡಬೇಡಿ. ಸ್ಕ್ರಿಪ್ಟ್‌ಗೆ ಅದರದ್ದೇ ಇರಲಿ.

ಹಳೇ ಕೀ ಗುಡಿಸುವುದು

ಕೀ ಮಾಡುವುದನ್ನು ಎಲ್ಲರೂ ಕಲಿಯುತ್ತಾರೆ, ತೆಗೆಯುವುದನ್ನು ಕಲಿಯುವವರು ಕಡಿಮೆ. ಯಾವುದೇ ಹಳೇ ಸರ್ವರಿನ ಆಥರೈಸ್ಡ್ ಕೀಸ್ ತೆರೆದು ನೋಡಿ. ಕೆಲಸ ಬಿಟ್ಟು ಹೋದವರ ಕೀ, ಎಸೆದ ಲ್ಯಾಪ್‌ಟಾಪಿನ ಕೀ, "ಟೆಸ್ಟ್" ಅಂತ ಕಾಮೆಂಟ್ ಇರುವ ಕೀ ಸಿಗದಿದ್ದರೆ ಕೇಳಿ. ಸೇರಿಸುವಾಗ ಯಾರಿಗಾದರೂ ಅವಸರ ಇರುತ್ತದೆ. ತೆಗೆಯಲು ಯಾರಿಗೂ ಅವಸರ ಇಲ್ಲ.

ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಎಲ್ ಮೈನಸ್ ಎಫ್ ಕೊಟ್ಟು ಆಥರೈಸ್ಡ್ ಕೀಸ್ ಫೈಲನ್ನು ತೋರಿಸಿ. ಪ್ರತಿ ಕೀಯ ಅಳತೆ, ಫಿಂಗರ್‌ಪ್ರಿಂಟ್, ಕಾಮೆಂಟ್, ಬಗೆ ಒಂದೊಂದು ಸಾಲಿನಲ್ಲಿ ಬರುತ್ತದೆ. ನಮ್ಮಲ್ಲಿ ಇದನ್ನು ಜೂನಿಯರ್ ಒಬ್ಬರನ್ನು ಪಕ್ಕ ಕೂರಿಸಿಕೊಂಡು ಮಾಡುತ್ತೇನೆ. ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

"ಮೇಡಂ, ಇದು ಯಾರ್ದು? ಕಾಮೆಂಟ್‌ನಲ್ಲಿ ರೂಟ್ ಅಟ್ ಲೋಕಲ್‌ಹೋಸ್ಟ್ ಅಂತಿದೆ."

"ಲಾಗ್‌ನಲ್ಲಿ ಆ ಫಿಂಗರ್‌ಪ್ರಿಂಟ್ ಹುಡುಕಿ ನೋಡಪ್ಪ, ಕೊನೇ ಸಲ ಎಲ್ಲಿಂದ ಬಂದಿದೆ?"

"ಲಾಗ್ ಇರೋಷ್ಟು ದಿನದಲ್ಲಿ ಒಂದ್ಸಲಾನೂ ಬಂದಿಲ್ಲ."

"ಸರಿ, ಸಾಲಿನ ಮುಂದೆ ಹ್ಯಾಷ್ ಚಿಹ್ನೆ ಹಾಕು. ಯಾರಾದ್ರೂ ಫೋನ್ ಮಾಡ್ತಾರಾ ನೋಡೋಣ."

ಕೀ ಬಳಸಿ ಯಾರೇ ಲಾಗಿನ್ ಆದರೂ ಸರ್ವರ್ ತನ್ನ ಲಾಗ್‌ನಲ್ಲಿ ಆ ಕೀಯ ಫಿಂಗರ್‌ಪ್ರಿಂಟ್ ಬರೆಯುತ್ತದೆ. ಯಾವ ಕೀ ಬದುಕಿದೆ, ಯಾವುದು ಸತ್ತಿದೆ ಅಂತ ಹೀಗೆ ತಿಳಿಯುತ್ತದೆ. ಹ್ಯಾಷ್ ಚಿಹ್ನೆಯಿಂದ ಶುರುವಾದ ಸಾಲನ್ನು ಸರ್ವರ್ ಓದುವುದಿಲ್ಲ. ಕೆಲವು ವಾರ ಯಾರೂ ಕೇಳದಿದ್ದರೆ ಸಾಲನ್ನೇ ಅಳಿಸುತ್ತೇವೆ. ಕಾಮೆಂಟ್‌ನಲ್ಲಿ ಯಂತ್ರದ ಹೆಸರು, ತಿಂಗಳು ಇದ್ದ ಕೀಗಳಿಗೆ ಈ ಪತ್ತೇದಾರಿಯೇ ಬೇಕಿಲ್ಲ. ನಾನು ಹಠ ಹಿಡಿಯುವುದು ಅದಕ್ಕೇ.

ಸ್ವಂತ ಕೀ ಬದಲಾಯಿಸುವಾಗ ಮೊದಲು ಹೊಸದನ್ನು ಸೇರಿಸಿ. ಬೇರೆ ಕಿಟಕಿ ತೆರೆದು ಹೊಸ ಕೀಯಿಂದಲೇ ಒಳಗೆ ಹೋದೆವು ಅಂತ ಮೈನಸ್ ವಿ ಹಾಕಿ ಖಚಿತ ಮಾಡಿಕೊಳ್ಳಿ. ಆಮೇಲೆ ಹಳೆಯದನ್ನು ತೆಗೆಯಿರಿ. ಅಲ್ಲಿಯವರೆಗೆ ಮೊದಲ ಕಿಟಕಿ ಮುಚ್ಚಬೇಡಿ.

ಲ್ಯಾಪ್‌ಟಾಪ್ ಕಳೆದರೆ

ಪಾಸ್‌ಫ್ರೇಸ್ ಇತ್ತಲ್ಲ ಅಂತ ಕೂರಬೇಡಿ. ಬೇರೆ ಯಂತ್ರದಿಂದ ಒಳಗೆ ಹೋಗಿ ಎಲ್ಲ ಸರ್ವರ್‌ಗಳಿಂದಲೂ ಆ ಕೀಯ ಸಾಲು ತೆಗೆಯಿರಿ. ಗಿಟ್ ಸೇವೆಗಳ ಖಾತೆಯಿಂದಲೂ. ಯಂತ್ರಕ್ಕೊಂದು ಕೀ ಇಟ್ಟವರಿಗೆ ಹೋಗುವುದು ಒಂದೇ ಕೀ. ಒಂದೇ ಕೀಯನ್ನು ಎಲ್ಲ ಕಡೆ ಕಾಪಿ ಮಾಡಿದವರು ಮನೆಯಲ್ಲಿ ಉಳಿದ ಯಂತ್ರಗಳಿಂದಲೂ ಒಳಗೆ ಹೋಗಲಾಗದೆ ಕೂರುತ್ತಾರೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಆಥರೈಸ್ಡ್ ಕೀಸ್‌ನಿಂದ ಸಾಲು ತೆಗೆದರೆ ನಿಲ್ಲುವುದು ಮುಂದಿನ ಲಾಗಿನ್ ಮಾತ್ರ. ಆಗಲೇ ಒಳಗಿರುವವರು ಒಳಗೇ ಇರುತ್ತಾರೆ. ಹೂ (ಡಬ್ಲ್ಯೂ, ಎಚ್, ಓ) ಅನ್ನುವ ಕಮಾಂಡ್ ಕೊಟ್ಟು ಯಾರು ಎಲ್ಲಿಂದ ಬಂದಿದ್ದಾರೆ ನೋಡಿ, ಅನುಮಾನದ ಸೆಷನ್ ಕೊಲ್ಲಿ. ಟರ್ಮಿನಲ್ ತೆರೆಯದ ಸಂಪರ್ಕಗಳು ಹೂನಲ್ಲಿ ಕಾಣುವುದಿಲ್ಲ, ಹಾಗಾಗಿ ಓಡುತ್ತಿರುವ ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ) ಪ್ರೋಸೆಸ್‌ಗಳನ್ನೂ ನೋಡಿ. ಅದೇ ಬಳಕೆದಾರರ ಆಥರೈಸ್ಡ್ ಕೀಸ್‌ಗೆ ಹೊಸ ಸಾಲು ಯಾರಾದರೂ ಸೇರಿಸಿ ಹೋಗಿದ್ದಾರಾ ಅಂತಲೂ ಪರೀಕ್ಷಿಸಿ.

ಪಾಸ್‌ವರ್ಡ್ ಬಾಗಿಲು ಮುಚ್ಚುವುದು

ಕೀ ಹಾಕಿಯೂ ಪಾಸ್‌ವರ್ಡ್ ಲಾಗಿನ್ ತೆರೆದಿಟ್ಟರೆ ಇಷ್ಟೆಲ್ಲ ಮಾಡಿದ್ದು ಅರ್ಧಕ್ಕೆ ನಿಂತಂತೆ. ಇಂಟರ್‌ನೆಟ್‌ಗೆ ತೆರೆದ ಎಸ್‌ಎಸ್‌ಎಚ್‌ನ 22ನೇ ಪೋರ್ಟಿನ ಲಾಗ್ ನೋಡಿದರೆ ಅಡ್ಮಿನ್, ಟೆಸ್ಟ್, ಒರಾಕಲ್ ಅಂತ ಹೆಸರು ಊಹಿಸಿ ಬಾಗಿಲು ಬಡಿಯುವವರ ಸಾಲು ಮುಗಿಯುವುದೇ ಇಲ್ಲ. ಸರ್ವರಿನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ, ಕೆಬಿಡಿಇಂಟರಾಕ್ಟಿವ್‌ಆಥೆಂಟಿಕೇಶನ್ ನೋ, ಎರಡೂ ಬೇಕು. ಮೊದಲನೆಯದು ಮಾತ್ರ ಹಾಕಿದರೆ ಎರಡನೆಯ ದಾರಿಯಲ್ಲಿ ಪಾಸ್‌ವರ್ಡ್ ಒಳಗೆ ಬರಬಹುದು.

ರೀಲೋಡ್ ಮಾಡುವ ಮೊದಲು ಎಸ್‌ಎಸ್‌ಎಚ್‌ಡಿ ಮೈನಸ್ ಟಿ ಓಡಿಸಿ, ಬರವಣಿಗೆ ತಪ್ಪಿದ್ದರೆ ಹೇಳುತ್ತದೆ. ಕ್ಯಾಪಿಟಲ್ ಟಿ ಹಾಕಿದರೆ ನಿಜವಾಗಿ ಜಾರಿಯಲ್ಲಿರುವ ಬೆಲೆಗಳನ್ನೆಲ್ಲ ತೋರಿಸುತ್ತದೆ. ಇದು ಮುಖ್ಯ, ಯಾಕೆಂದರೆ ಒಂದೇ ವಿಷಯ ಎರಡು ಕಡೆ ಬರೆದಿದ್ದರೆ ಮೊದಲು ಸಿಕ್ಕಿದ್ದೇ ನಡೆಯುತ್ತದೆ. ಬಾಡಿಗೆಗೆ ಪಡೆದ ಎಷ್ಟೋ ಸರ್ವರ್‌ಗಳಲ್ಲಿ ಪಕ್ಕದ ಫೋಲ್ಡರಿನ ಚಿಕ್ಕ ಫೈಲೊಂದು ಮೊದಲೇ ಪಾಸ್‌ವರ್ಡ್ ಯೆಸ್ ಅಂತ ಬರೆದಿರುತ್ತದೆ. ನೀವು ದೊಡ್ಡ ಫೈಲಿನಲ್ಲಿ ನೋ ಬರೆದು ನೆಮ್ಮದಿಯಾಗಿರುತ್ತೀರಿ.

ಪ್ರೈವೇಟ್ ಕೀಗೆ ಬ್ಯಾಕಪ್ ಬೇಕಾ?

ಈ ಪ್ರಶ್ನೆ ತಪ್ಪದೇ ಬರುತ್ತದೆ. ಲಾಗಿನ್ ಕೀಗೆ ಬೇಡ. ಕೀ ಕಳೆದರೆ ಹೊಸದು ಮಾಡುತ್ತೀರಿ. ಅದರಿಂದ ಯಾವ ಡೇಟಾವೂ ಹೋಗುವುದಿಲ್ಲ. ಬೇಕಾದ್ದು ಒಳಗೆ ಹೋಗಲು ಇನ್ನೊಂದು ದಾರಿ: ಎರಡನೇ ಯಂತ್ರದಲ್ಲಿ ಅದರದ್ದೇ ಕೀ, ಇಲ್ಲವೇ ಸರ್ವರ್ ಕೊಟ್ಟವರ ಕನ್ಸೋಲ್.

ಎರಡನೇ ಯಂತ್ರ ಇಲ್ಲದವರಿಗೆ ಯುಎಸ್‌ಬಿ ಸೆಕ್ಯೂರಿಟಿ ಕೀ ಒಳ್ಳೆಯದು. 2020ರ 8.2 ಆವೃತ್ತಿಯಿಂದ ಮೈನಸ್ ಟಿ ಇಡಿ25519-ಎಸ್‌ಕೆ ಅಂತ ಕೊಟ್ಟು ಆ ಉಪಕರಣಕ್ಕೆ ಅಂಟಿದ ಕೀ ಮಾಡಬಹುದು. ಡಿಸ್ಕ್ ಮೇಲಿರುವ ಫೈಲ್ ಒಂದನ್ನೇ ಕದ್ದರೆ ಪ್ರಯೋಜನವಿಲ್ಲ, ಉಪಕರಣವೂ ಬೇಕು, ಅದನ್ನು ಬೆರಳಿನಿಂದ ಮುಟ್ಟಲೂ ಬೇಕು. ಸರ್ವರ್ ಕಡೆಯೂ 8.2 ಅಥವಾ ಹೊಸದಿರಬೇಕು. ಕೊಳ್ಳುವುದಾದರೆ ಎರಡು ಕೊಳ್ಳಿ, ಎರಡರಲ್ಲೂ ಬೇರೆ ಬೇರೆ ಕೀ ಮಾಡಿ, ಎರಡೂ ಪಬ್ಲಿಕ್ ಕೀಗಳನ್ನು ಸರ್ವರ್‌ಗೆ ಹಾಕಿ. ಒಂದನ್ನು ಬೀರುವಿನಲ್ಲಿಟ್ಟು, ಕಾಮೆಂಟ್‌ನಲ್ಲಿ "ಬೀರು" ಅಂತಲೇ ಬರೆಯಿರಿ.